ಕರೆಂಟ್ ಹೋದಾಗ ಬಿದ್ದ ಮಾತು

ಈಗಷ್ಟೇ ಕರೆಂಟ್ ಹೋಯಿತು ನೋಡಿ. ಓಣಿಯ ಪವರ್‌ಲೂಮ್‌ಗಳೆಲ್ಲ ಒಮ್ಮೆಲೇ ನಿಂತವು. ನಮ್ಮ ಮನೆಯವರೆಲ್ಲ ಅರ್ಧ ಮಾತು ನುಂಗಿ ಬಾಯಿ ಮುಚ್ಚಿದರು. ಊಟಕ್ಕೆ ಕೂತಿದ್ದ ನೆಂಟರೊಬ್ಬರು ಮಾತ್ರ ಮುಚ್ಚಲಿಲ್ಲ. ಅದನ್ನು ಕೊನೆಗೆ ಹೇಳುತ್ತೇನೆ. ಒಳ್ಳೆಯ ಸುದ್ದಿಯನ್ನು ನಾನು ಅಗ್ಗಕ್ಕೆ ಬಿಡುವವನಲ್ಲ.

ರಾಮದುರ್ಗದ ನೇಕಾರರ ಮನೆಯಲ್ಲಿ ಹುಟ್ಟಿದವರಿಗೆ ಪಿಸುಮಾತು ಬರುವುದಿಲ್ಲ. ಮೊದಲು ಆಯಿಯ, ಅಂದರೆ ಅಪ್ಪನ ಅವ್ವನ, ಕುಣಿಮಗ್ಗ ಒಂದೇ ಇತ್ತು: ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಕೈಯಿಂದ ಲಾಳಿ ಓಡಿಸಿ ನೇಯುವುದು. ಆಮೇಲೆ ಅಪ್ಪ ಪವರ್‌ಲೂಮ್ ತಂದ. ಅಂದಿನಿಂದ ನೀರು ಕೇಳುವುದಕ್ಕೂ ಕಿರುಚಬೇಕು. ಅವ್ವ ಹೇಳುವ ಗುಟ್ಟು ಕಟಕೋಳದವರೆಗೆ ಕೇಳುತ್ತದೆ ಎಂದು ಗೆಳೆಯರಿಗೆ ಹೇಳಿದ್ದೇನೆ. ಸುಳ್ಳು, ಸಾಲಹಳ್ಳಿಯವರೆಗೆ ಅಷ್ಟೆ.

ಕೆಲವು ವರ್ಷಗಳ ಹಿಂದೆ ಅಕ್ಕನನ್ನು ನೋಡಲು ಸಂಪಗಾಂವದಿಂದ ಒಕ್ಕಲುತನದ ಮನೆಯವರು ಬಂದರು. ಬೈಲಹೊಂಗಲದ ಮದುವೆಯೊಂದರಲ್ಲಿ ಅಕ್ಕ ಹುಡುಗನನ್ನು ಮೊದಲೇ ನೋಡಿದ್ದಳು. ಮದುವೆಯಾದರೆ ಅವನನ್ನೇ ಎಂದು ನನ್ನ ಕಿವಿಯಲ್ಲಿ ಹೇಳಿದ್ದಳು, ಅಂದರೆ ಓಣಿಗೆಲ್ಲ ಹೇಳಿದ್ದಳು.

ಹುಡುಗ ಚುರುಮುರಿಯ ಸುಸಲಾ ತಿನ್ನುತ್ತಿದ್ದ. ಒಳಗೆ ಕಿವಿ ಮಂದವಾದ ಆಯಿ ಕೇಳಿದಳು, “ಹುಡುಗ ಹೆಂಗದಾನವಾ?”

ಮಗ್ಗದ ಗದ್ದಲ ನಂಬಿ ಅವ್ವ ಕೂಗಿದಳು, “ಚಲೋ ಅದಾನ್ರಿ ಅತ್ತಿ. ತಲಿ ಮ್ಯಾಲ ಕೂದಲಾ...”

ಕರೆಂಟ್ ಹೋಯಿತು.

“...ಒಂದೂ ಇಲ್ರಿ.”

ಅಂಥ ಮೌನವನ್ನು ನಮ್ಮ ಮನೆ ಕಂಡೇ ಇರಲಿಲ್ಲ. ಹುಡುಗನ ಅಪ್ಪ ಸುಸಲಾದಲ್ಲಿ ಕೂದಲು ಹುಡುಕುವವರಂತೆ ತಲೆ ಬಗ್ಗಿಸಿದರು. ಬಾಗಿಲ ಹಿಂದೆ ಅಕ್ಕನ ಕಣ್ಣು ತುಂಬಿತು.

ಆಯಿ ಎದ್ದು ಹೋಗಿ ಕುಣಿಯಲ್ಲಿ ಕಾಲಿಟ್ಟು ಖಟಕ್ ಖಟಕ್ ಶುರು ಮಾಡಿದಳು. “ಹೂಂ, ಈಗ ಮಾತಾಡ್ರಿ.”

ಹುಡುಗ ಬಂದು ಮಗ್ಗದ ಬಳಿ ಕೂತ. “ಆಯಿ, ಇದು ಹೆಂಗ ನೇಯೂದ್ರಿ?”

“ಉದ್ದಕ ಬಿಗದಿದ್ದು ಹಾಸು, ಅಡ್ಡ ಹೋಗೂದು ಹೊಕ್ಕು. ಕಾಲಿಲೆ ತುಳದ್ರ ಹಾಸು ಬಾಯಿ ತಗೀತೈತಿ, ಲಾಳಿ ನುಗ್ಗತೈತಿ.”

“ನಿಮ್ಮ ಸೊಸಿಯಾರು ತುಳೀದಿದ್ರೂ ಬಾಯಿ ತಗೀತಾರಲ್ರಿ.”

ಅಕ್ಕ ಕಿಸಕ್ಕನೆ ನಕ್ಕಳು. ಹುಡುಗ ಬಾಗಿಲ ಕಡೆ ತಿರುಗಿ ಕೂಗಿದ, “ನಿಮಗ ಕೂದಲಾ ಬೇಕೇನ್ರಿ?” ಅಷ್ಟರಲ್ಲಿ ಲಾಳಿಯೊಳಗಿನ ಕಂಡಿಕೆಯ ನೂಲು ಮುಗಿದು ಆಯಿಯ ಕೈ ನಿಂತಿತು. “ಬ್ಯಾಡ್ರಿ” ಎಂಬ ಅಕ್ಕನ ಕೂಗು ಓಣಿಗೆಲ್ಲ ಕೇಳಿತು.

ಪಕ್ಕದ ಮನೆಯ ಕಾಕು ಓಡಿಬಂದಳು. “ಇಂವನ ಬೇಕು ಅಂತ ವಾರದಿಂದ ಕುಣೀತಿದ್ದಿ, ಈಗ ಬ್ಯಾಡ ಅಂತೀಯಲ್ಲವಾ?”

ಹುಡುಗನ ಬೋಳುತಲೆ ನೆತ್ತಿಯವರೆಗೂ ಕೆಂಪಾಯಿತು. ಅವನ ಅಪ್ಪ ತಟ್ಟೆ ಕೆಳಗಿಟ್ಟು, “ಸಕ್ರಿ ತರ್ರಿ, ಸಂಬಂಧ ಗಟ್ಟಿ ಆತು” ಎಂದರು.

ಆ ಹುಡುಗನೇ ಇವತ್ತಿನ ನೆಂಟರು, ನಮ್ಮ ಭಾವ. ಈಗ ಅವರೂ ಕಿರುಚಿಯೇ ಮಾತಾಡುವುದು. ಕರೆಂಟ್ ಇದ್ದಾಗ ಅಕ್ಕನಿಗೆ “ನಿಮ್ಮವ್ವನ ಸಾರು ಚಲೋ ಆಗೇತಿ, ಆದ್ರ” ಎಂದಿದ್ದರು. ಹೋದ ಮೇಲೆ ಬಿದ್ದದ್ದು: “ಸಮುದ್ರದ ಉಪ್ಪೆಲ್ಲಾ ಇದರಾಗೈತಿ.”

ಅಡುಗೆಮನೆಯಲ್ಲಿ ಅವ್ವನ ಸೌಟಿನ ಸದ್ದು ನಿಂತಿದೆ. ಆಯಿ ಕುಣಿಮಗ್ಗದ ಕಡೆ ಹೊರಟಿದ್ದಾಳೆ. ಈ ಸಲ ನಡುವೆ ನಿಲ್ಲಬಾರದೆಂದು, ನೂಲು ಸುತ್ತಿದ ಕಂಡಿಕೆಗಳನ್ನು ಅಂಗಿಯ ತುಂಬ ತುಂಬಿಕೊಂಡು ನಾನೂ ಹಿಂದೆ ಹೊರಟಿದ್ದೇನೆ.