ಬಾಣ ಎಳೆಯದ ಪೆಟ್ಟಿಗೆ

ನಮ್ಮ ಕಚೇರಿಯ ನಕ್ಷೆ ತಂತ್ರಾಂಶದಲ್ಲಿ ಕೋಡ್ ಬರೆಯುವ ಕಷ್ಟವಿಲ್ಲ. ಒಂದೊಂದು ಕೆಲಸಕ್ಕೆ ಒಂದೊಂದು ಪೆಟ್ಟಿಗೆ. ಪರದೆಯ ಮೇಲೆ ಎಳೆದು ತಂದು ಬಾಣದಿಂದ ಜೋಡಿಸಿದರೆ ಆಯಿತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಸ್ಮಶಾನಕ್ಕೆ ಜಾಗ ಕೊಡಬೇಕಾದ ಊರುಗಳ ಪಟ್ಟಿಯನ್ನು ನಾನು ಹಾಗೇ ತಯಾರಿಸಿದ್ದೆ. ಸಂಜೆ ಐದಕ್ಕೆ ಸಾಹೇಬರ ಸಹಿ ಬಿದ್ದರೆ ಮುಗಿಯಿತು, ಆಮೇಲೆ ಒಂದು ಹೆಸರೂ ಸೇರದು.

ಮಧ್ಯಾಹ್ನ ಎರಡಕ್ಕೆ ಜಗಳೂರು ಕಡೆಯ ನಮ್ಮೂರಿಂದ ಅವ್ವ ಫೋನ್ ಮಾಡಿದಳು. ಹಿಂದಿನ ವಾರವಷ್ಟೇ ದೊಡ್ಡವ್ವನನ್ನು ಹಳ್ಳದ ದಂಡೆಯಲ್ಲಿ ಮಣ್ಣು ಮಾಡಿದ್ದೆವು. ಮೊಣಕಾಲುದ್ದ ಅಗೆಯುವಷ್ಟರಲ್ಲಿ ಗುಂಡಿಗೆ ನೀರು ಬಂದಿತ್ತು.

"ನಮ್ಮ ಕೇರಿ ಬಂತೇನೇ ಮಗಳೆ ಆ ಪಟ್ಟಿಯಾಗೆ?"

ನೋಡಿದೆ. ಇರಲಿಲ್ಲ.

ನನ್ನ ಮೊದಲ ಪೆಟ್ಟಿಗೆಯ ಕೆಲಸವೇ ಸ್ಮಶಾನವಿರುವ ಊರುಗಳನ್ನು ಕೈಬಿಡುವುದು. ದಾಖಲೆಯಲ್ಲಿ ನಮ್ಮೂರಿಗೆ ಸ್ಮಶಾನವಿದೆ. ಊರಾಚೆಯ ನಮ್ಮ ಕೇರಿಯ ಹೆಣವನ್ನು ಅಲ್ಲಿಗೆ ಬಿಟ್ಟುಕೊಳ್ಳುವುದಿಲ್ಲ ಎಂದು ಪೆಟ್ಟಿಗೆಗೆ ಗೊತ್ತಿಲ್ಲ, ನನಗೆ ಗೊತ್ತಿತ್ತು. ಕೇರಿಯವರು ಎಲ್ಲಿ ಹೂಳುತ್ತಾರೆಂದು ಗ್ರಾಮ ಲೆಕ್ಕಿಗರು ಬರೆದು ಕಳಿಸಿದ್ದ ಕೋಷ್ಟಕವೂ ಪರದೆಯ ಮೂಲೆಯಲ್ಲೇ ಒಂದು ಪೆಟ್ಟಿಗೆಯಾಗಿ ಕೂತಿತ್ತು. ಅರ್ಧಂಬರ್ಧ ತುಂಬಿದೆ ಎಂದು ಅದಕ್ಕೆ ಬಾಣ ಎಳೆಯದೆ ಬಿಟ್ಟವಳು ನಾನೇ. ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಹಾಗೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ನಮ್ಮೂರೊಂದನ್ನೇ ತುರುಕಿದರೆ ಕಳ್ಳತನ. ನಾಲ್ಕೂ ತಾಲ್ಲೂಕಿನ ಲೆಕ್ಕಿಗರಿಗೆ ಒಬ್ಬೊಬ್ಬರಿಗೇ ಫೋನ್ ಹಚ್ಚಿ, ಬೇಡಿ, ಬೈದು, ಖಾಲಿ ಸಾಲುಗಳನ್ನು ತುಂಬಿಸಿಕೊಂಡೆ. ನಾಲ್ಕೂವರೆಗೆ ಆ ಪೆಟ್ಟಿಗೆಗೆ ಬಾಣ ಎಳೆದು ತಂತ್ರಾಂಶ ಓಡಿಸಿದೆ. ಪೆಟ್ಟಿಗೆಗಳು ಒಂದೊಂದೇ ಹಸಿರಾಗುತ್ತ ಬಂದು, ಕೊನೆಯದರಲ್ಲಿ ಪರದೆ ನಿಂತುಬಿಟ್ಟಿತು. ಮೌಸ್ ಮುಟ್ಟಲೂ ಭಯ. ಐದಕ್ಕೆ ಎರಡು ನಿಮಿಷವಿದ್ದಾಗ ಪಟ್ಟಿ ಬಂತು. ಮೊದಲಿನದಕ್ಕಿಂತ ಉದ್ದವಿತ್ತು.

ಸಾಹೇಬರು ಹುಬ್ಬು ಗಂಟಿಕ್ಕಿದರು. "ಸ್ಮಶಾನ ಇರೋ ಊರುಗಳೂ ಬಂದಾವಲ್ಲ. ಕೇರಿಯವ್ರನ್ನ ಅಲ್ಲಿ ಬಿಡಲ್ಲ ಅಂತ ಹೇಳಿದ್ದು ಯಾರು? ಲೆಕ್ಕಿಗರ ಮಾತು ನಂಬಿ ಸಹಿ ಹಾಕಾಕೆ ಆಗ್ತೈತಾ?"

ಆ ಕಚೇರಿಗೆ ಸೇರಿದಾಗಿನಿಂದ ಊರಿನ ಹೆಸರು ಹೇಳಿದ್ದೆನೇ ಹೊರತು ಕೇರಿಯ ಸುದ್ದಿ ಎತ್ತಿದವಳಲ್ಲ. ನನ್ನ ಡಬ್ಬಿಯ ಶೇಂಗಾ ಚಟ್ನಿಗೆ ದಿನಾ ಕೈ ಹಾಕುವವರೆಲ್ಲ ಸುತ್ತ ಕೂತಿದ್ದರು. ಜಗಳೂರಿನ ಒಂದು ಸಾಲಿನ ಮೇಲೆ ಬೆರಳಿಟ್ಟೆ.

"ನಾನು ಹೇಳ್ತೀನಿ ಸರ್. ಇದು ನಮ್ಮ ಕೇರಿ. ಹೋದ ವಾರ ನಮ್ಮ ದೊಡ್ಡವ್ವನ್ನ ನೀರಾಗೆ ಹೂತು ಬಂದೀವಿ."

ಅವರು ಪಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡು ಸಹಿ ಹಾಕಿದರು. ಅವ್ವನಿಗೆ ಫೋನ್ ಮಾಡಿ, "ಬಂತು" ಎಂದೆ.

ಮಾರನೆಯ ಮಧ್ಯಾಹ್ನ ಚಟ್ನಿ ಪೂರ್ತಿ ನನಗೇ ಉಳಿಯಿತು.