ಕೊನೆಯ ಗೇಟಿನ ಸೇತುವೆಯಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಿಮಾನ ನಿಲ್ದಾಣದ ಕಟ್ಟಡದ ಕಟ್ಟಕಡೆಯ ತುದಿಯಲ್ಲಿ, ಗಾಜಿನ ಗೂಡೊಂದರಲ್ಲಿ ನಿಂತ ಹೆಂಗಸೊಬ್ಬರು ಕಣ್ಣು ಮಿಟುಕಿಸದೆ ಹೊರಗೆ ನೋಡುತ್ತಿದ್ದಾರೆ. ಎದುರಿಗೆ ಬಂದು ನಿಂತಿರುವುದು ಇಡೀ ಬೀದಿಯನ್ನೇ ರೆಕ್ಕೆಯಡಿ ಅಡಗಿಸಿಕೊಳ್ಳಬಲ್ಲ ದೈತ್ಯ ವಿಮಾನ. ಇವರ ಕೈಯಲ್ಲಿರುವುದು ಒಂದು ಪುಟ್ಟ ಹಿಡಿ. ಅದನ್ನು ಹೂವೆತ್ತಿದಷ್ಟು ಹಗುರಾಗಿ ಸರಿಸಿದರೆ ಸಾಕು, ನಾಲ್ಕಾರು ಲಾರಿಗಳ ಭಾರದ ಏರೋಬ್ರಿಡ್ಜ್ ಎಂಬ ಸೇತುವೆ ಗಾಲಿಗಳ ಮೇಲೆ ತೆವಳಿಕೊಂಡು ಹೋಗಿ ವಿಮಾನದ ಬಾಗಿಲಿಗೆ ಮೆತ್ತಗೆ ಆನಿಕೊಳ್ಳುತ್ತದೆ.

"ಮಗೂನ ಮುಟ್ಟಿದ ಹಾಗೆ ಮುಟ್ಬೇಕು. ಗುದ್ದಿದ್ರೆ ಮುಗೀತು ಕಥೆ," ಎಂದು ನಗುತ್ತಾರೆ ಅವರು.

ಜೊತೆಯವರಿಗೆಲ್ಲ ಇವರು ಸೇತುವೆಯಮ್ಮ. ಪ್ರಯಾಣಿಕರು ಮೆಟ್ಟಿಲ ಗೊಡವೆಯಿಲ್ಲದೆ ಕಟ್ಟಡದಿಂದ ನೇರ ವಿಮಾನದೊಳಕ್ಕೆ ನಡೆದುಹೋಗುವ ಆ ಓಣಿಯನ್ನು ನಡೆಸುವುದೇ ಕೆಲಸ. ಮೊದಲು ಗೋದಾಮಿನಲ್ಲಿ ಸರಕೆತ್ತುವ ಯಂತ್ರ ಓಡಿಸುತ್ತಿದ್ದರು. ಗಂಡ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ ವರ್ಷ ಇಲ್ಲಿಗೆ ಬಂದರು. ಈ ಗೂಡು ಬೇಸಿಗೆಯಲ್ಲಿ ಕಾದ ಹೆಂಚು, ಕೂರಲು ಒಂದು ಸ್ಟೂಲೂ ಇಲ್ಲ. ದಿನಕ್ಕೆ ಎಂಟು ಹತ್ತು ವಿಮಾನ. ಮನೆಯನ್ನೂ ಹಾಸಿಗೆ ಹಿಡಿದ ಮಗನನ್ನೂ ನೋಡಿಕೊಳ್ಳುವ ಅತ್ತೆಯ ದಯೆಯಿಂದ ಸಂಸಾರ ಸಾಗಿದೆ.

ಈ ದೈತ್ಯನ ರೆಕ್ಕೆಗೆ ಜಾಗ ಸಾಲುವುದು ಕೊನೆಯ ಗೇಟಿನಲ್ಲಿ ಮಾತ್ರ. ನಡೆದು ಸುಸ್ತಾದ ಜನ ಕಟ್ಟಡ ಕಟ್ಟಿದವರಿಗೆ ಹಿಡಿಶಾಪ ಹಾಕುತ್ತಲೇ ಬರುತ್ತಾರೆ. ಆದರೆ ಒಮ್ಮೆ ಹತ್ತಿ ಕೂತರೆ ಇಳಿಯುವುದು ಸಾಗರಗಳಾಚೆ. ಹಿಂದಿದ್ದ ಸಣ್ಣ ವಿಮಾನಕ್ಕೆ ಅಷ್ಟು ದೂರದ ಶಕ್ತಿಯಿರಲಿಲ್ಲ; ನಡುವೆ ಒಂದೂರಲ್ಲಿ ಇಳಿದು, ಗಂಟೆಗಟ್ಟಲೆ ಕಾದು ಇನ್ನೊಂದು ಹತ್ತಬೇಕಿತ್ತು. ಹಾಗೆ ಬಂದಿಳಿದ ವಯಸ್ಸಾದವರ ಕಾಲು ಊದಿ ಚಪ್ಪಲಿಗೆ ಹಿಡಿಸದಿರುವುದನ್ನು ಸೇತುವೆಯಮ್ಮ ವರ್ಷಗಟ್ಟಲೆ ನೋಡಿ ಸಂಕಟಪಟ್ಟಿದ್ದಾರೆ.

ದೊಡ್ಡ ವಿಮಾನದ ನೇರ ಹಾರಾಟ ಸದ್ಯಕ್ಕೆ ಪರೀಕ್ಷೆಯಷ್ಟೇ. ಇಲ್ಲಿ ತಡವಾದರೆ ಆಚೆ ತುದಿಯ ನಿಲ್ದಾಣ ರಾತ್ರಿಗೆ ಬಾಗಿಲು ಹಾಕಿಕೊಳ್ಳುತ್ತದೆ, ವಿಮಾನ ಬೇರೆ ಊರು ಹುಡುಕಬೇಕು. ಈಗಾಗಲೇ ಎರಡು ಸಲ ಹಾಗಾಗಿದೆ. ಇನ್ನೊಮ್ಮೆ ಆದರೆ ಹಳೆಯ ಸಣ್ಣ ವಿಮಾನವೇ ಗತಿ ಎಂದು ವಿಮಾನ ಕಂಪನಿಯವರು ಖಡಾಖಂಡಿತವಾಗಿ ಹೇಳಿದ್ದಾರೆ. ಇವತ್ತು ಪರೀಕ್ಷೆಯ ಕಡೆಯ ದಿನ.

ಇವತ್ತೇ ಸೇತುವೆ ಕೈಕೊಡಬೇಕೆ! ಇಂಧನ ತುಂಬಿದಂತೆ, ಜನ ಹತ್ತಿದಂತೆ ವಿಮಾನ ಭಾರಕ್ಕೆ ಕುಗ್ಗುತ್ತದೆ. ಕಣ್ಣಿಗೆ ಕಾಣದಷ್ಟು ನಿಧಾನ, ಆದರೆ ಹೊರಡುವ ಹೊತ್ತಿಗೆ ಗೇಣುದ್ದ. ವಿಮಾನದ ಮೈಗೆ ಒತ್ತಿ ನಿಂತ ಸೇತುವೆಯ ಪುಟ್ಟ ಚಕ್ರವೊಂದು ಅದನ್ನು ಗ್ರಹಿಸಿ ಸೇತುವೆಯನ್ನೂ ತಾನಾಗಿ ಇಳಿಸುತ್ತದೆ. ಇಳಿಸದಿದ್ದರೆ ತೆರೆದ ಬಾಗಿಲು ಸೇತುವೆಯ ನೆಲಕ್ಕೆ ಸಿಕ್ಕಿಕೊಂಡು ಮುರಿಯುತ್ತದೆ. ಆ ಚಕ್ರ ಈಗ ಸತ್ತಂತಿದೆ.

"ಸೇತುವೆ ತೆಗೆದುಬಿಡೋಣ. ಮೆಟ್ಟಿಲು ತರಿಸ್ತೀನಿ," ಎನ್ನುತ್ತಾರೆ ಓಡಿಬಂದ ಮೇಲ್ವಿಚಾರಕರು.

"ಮೆಟ್ಟಿಲು ಬರೋಷ್ಟರಲ್ಲಿ ಹೊತ್ತು ಮೀರುತ್ತೆ ಸಾರ್. ಗಾಲಿಕುರ್ಚಿಯವ್ರು ಬೇರೆ ಇದ್ದಾರೆ. ಕೈಯಲ್ಲೇ ಇಳಿಸ್ತೀನಿ. ಬಾಗಿಲು ಮುಚ್ಚೋವರೆಗೂ ಇಲ್ಲಿಂದ ಕದಲಲ್ಲ."

ನಿಯಮ ಅದಕ್ಕೆ ಒಪ್ಪುತ್ತದೆ. ಮೇಲ್ವಿಚಾರಕರು ಅರೆಮನಸ್ಸಿನಿಂದ ತಲೆಯಾಡಿಸುತ್ತಾರೆ.

ಇಂಧನ ತುಂಬಿಸುವವನ ದನಿ ವಾಕಿಟಾಕಿಯಲ್ಲಿ ಕೇಳುತ್ತದೆ: "ಅಕ್ಕಾ, ಇವತ್ತು ಸಮುದ್ರದ ಮೇಲೆ ಎದುರುಗಾಳಿ ಜೋರಂತೆ. ಸುತ್ತು ದಾರಿ ಹಿಡೀತಾರೆ. ಇಂಧನ ಜಾಸ್ತಿ, ಕುಗ್ಗೋದೂ ಜಾಸ್ತಿ. ಹುಷಾರು!"

ಯಾವುದೋ ಸಾಗರದ ಮೇಲೆ ಬೀಸುವ ಗಾಳಿ ಇಲ್ಲಿ ಈ ಹೆಂಗಸಿನ ಹೆಬ್ಬೆರಳಿಗೆ ಬಂದು ತಾಗುತ್ತದೆ ಎಂದರೆ ಮೈ ಜುಮ್ಮೆನ್ನುತ್ತದೆ. ಅವರ ಕಣ್ಣು ಬಾಗಿಲಿನ ಅಡಿಯ ಸಂದಿಯ ಮೇಲೆ, ಬೆರಳು ಗುಂಡಿಯ ಮೇಲೆ. ಒಂದು ಚೂರು ಒತ್ತುತ್ತಾರೆ, ಬಿಡುತ್ತಾರೆ, ಮತ್ತೆ ಒತ್ತುತ್ತಾರೆ. ಮೂಗಿನ ತುದಿ ತುರಿಸುತ್ತಿದೆ, ತುರಿಸಿಕೊಳ್ಳುವ ಹಾಗಿಲ್ಲ. "ಇಳಿ ತಾಯಿ... ಸಾಕು ಸಾಕು, ಏನವಸರ?"

ಗಾಲಿಕುರ್ಚಿಯಲ್ಲಿ ಬಂದ ಅಜ್ಜಿಗೆ ಅಚ್ಚರಿ. "ಯಾರ ಹತ್ರ ಮಾತಾಡ್ತಿದೀಯಮ್ಮ?"

"ಈ ದಪ್ಪಮ್ಮನ ಹತ್ರ ಅಜ್ಜಿ," ವಿಮಾನದಿಂದ ಕಣ್ಣು ತೆಗೆಯದೆಯೇ ಉತ್ತರ.

"ನಡುವೆ ಎಲ್ಲೂ ಇಳೀಬೇಕಾಗಿಲ್ಲ ತಾನೆ? ಹೋದ್ಸಲ ಕೂತೂ ಕೂತೂ ಜೀವ ಹೋಗಿತ್ತು."

"ಇಲ್ಲ ಅಜ್ಜಿ. ಇಲ್ಲಿ ಕೂತ್ರೆ ಅಲ್ಲೇ ಇಳಿಯೋದು."

ಬಾಯಿಂದ ಮಾತು ಬಂದಾಗಿದೆ, ಇನ್ನು ಉಳಿಸಿಕೊಳ್ಳಲೇಬೇಕು. ಕೊನೆಯ ಪ್ರಯಾಣಿಕ ಒಳಗೆ ಹೋಗುವವರೆಗೂ ಆ ಸಂದಿ ಬೆರಳಗಲಕ್ಕಿಂತ ಕಿರಿದಾಗುವುದಿಲ್ಲ. ಬಾಗಿಲು ಎಲ್ಲೂ ತಾಗದೆ ಮುಚ್ಚಿಕೊಳ್ಳುತ್ತದೆ. ಸೇತುವೆ ಹಿಂದೆ ಸರಿಯುತ್ತದೆ. ಹೊರಡಬೇಕಾದ ಹೊತ್ತಿಗೇ ವಿಮಾನ ಕದಲುತ್ತದೆ. ಸೇತುವೆಯಮ್ಮ ಮೊದಲು ಮಾಡುವ ಕೆಲಸವೆಂದರೆ ಮೂಗು ತುರಿಸಿಕೊಳ್ಳುವುದು.

ಮರುದಿನ ಬೆಳಿಗ್ಗೆ ಮೇಲ್ವಿಚಾರಕರು ಗೂಡಿನವರೆಗೂ ಬಂದು ಸುದ್ದಿ ಮುಟ್ಟಿಸುತ್ತಾರೆ. ನಿಲ್ದಾಣ ಬಾಗಿಲು ಹಾಕುವ ಮೊದಲೇ ವಿಮಾನ ಇಳಿದಿದೆ, ನೇರ ಹಾರಾಟ ಇನ್ನು ಕಾಯಂ. ಸೇತುವೆಯಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ, ಧೂಳು ಬಿತ್ತು ಎನ್ನುತ್ತಾರೆ.

"ನಮ್ಮತ್ತೆ ಕೇರಿಗೆಲ್ಲ, 'ನನ್ನ ಸೊಸೆ ವಿಮಾನದ ಬಾಗಿಲು ತೆಗೀತಾಳೆ' ಅಂತ ಹೇಳ್ಕೊಂಡು ಬರ್ತಾರೆ. ಬಾಗಿಲು ತೆಗೆಯೋರು ಒಳಗಿನೋರು. ನಾನು ಹೊಸ್ತಿಲು ಇಡೋಳು ಅಷ್ಟೆ," ಎನ್ನುತ್ತಾ ಅವರು ಮುಂದಿನ ವಿಮಾನದ ಕಡೆ ತಿರುಗುತ್ತಾರೆ. "ಆ ಅಜ್ಜಿ ಗಾಲಿಕುರ್ಚಿ ಎಡವದೆ ದಾಟ್ತಲ್ಲ, ಅಷ್ಟು ಸಾಕು ನಂಗೆ."