ಬಟ್ಟೆ ಒಣಗುವ ಹಗ್ಗ ನೋಡಿ ಮಕ್ಕಳನ್ನು ಕಾಯುವ ವಿಶಾಲಮ್ಮ

ಬೆಳಗಿನ ಆರೂ ಕಾಲು. ಭದ್ರಾವತಿಯಿಂದ ಬಂದ ಖಾಸಗಿ ಬಸ್ಸಿನಿಂದ ಶಿವಮೊಗ್ಗದ ಬಡಾವಣೆಯೊಂದರ ತಿರುವಿನಲ್ಲಿ ಒಂಬತ್ತು ಹೆಂಗಸರು ಇಳಿಯುತ್ತಾರೆ. ಎಲ್ಲರೂ ಮನೆಗೆಲಸದವರು. ಎಂಟು ಮಂದಿ ತಂತಮ್ಮ ಗೇಟುಗಳತ್ತ ಸರಸರ ನಡೆದರೆ, ಐವತ್ತೆರಡರ ವಿಶಾಲಮ್ಮ ಮಾತ್ರ ನಿಧಾನ. ಅವರ ಕಣ್ಣು ದಾರಿಯ ಮೇಲಿಲ್ಲ. ತಾರಸಿ, ಹಿತ್ತಿಲುಗಳಲ್ಲಿ ಬಟ್ಟೆ ಒಣಹಾಕುವ ಹಗ್ಗಗಳ ಮೇಲಿದೆ.

"ಮನೆಯೋರು ಬಾಯಲ್ಲಿ ಏನ್ ಬೇಕಾದ್ರೂ ಹೇಳ್ತಾರೆ. ಹಗ್ಗ ಸುಳ್ಳು ಹೇಳಲ್ಲ ಕಣಮ್ಮಾ," ಎನ್ನುತ್ತಾರೆ.

ಮಕ್ಕಳಿಲ್ಲದ ಮನೆಯ ಹಗ್ಗದಲ್ಲಿ ಪುಟ್ಟ ಲಂಗ ಕಂಡರೆ ಅವರು ಮೂರು ಭಾನುವಾರ ಕಾಯುತ್ತಾರೆ. ಶಾಲೆಗೆ ಹೋಗುವ ಮಗುವಿದ್ದರೆ ಭಾನುವಾರವಾದರೂ ಯೂನಿಫಾರ್ಮ್ ಒಣಗಲೇಬೇಕು. ಮೂರು ವಾರವೂ ಕಾಣದಿದ್ದರೆ, ದುಡಿಯುವ ಮಗುವೊಂದು ಒಳಗಿರಬಹುದೆಂದು ಅವರ ಅನುಮಾನ. ಆಗ ಮಕ್ಕಳ ಸಹಾಯವಾಣಿಗೆ ಫೋನ್ ಹೋಗುತ್ತದೆ. ಹನ್ನೊಂದು ವರ್ಷಗಳಲ್ಲಿ ಹದಿನಾಲ್ಕು ಹುಡುಗಿಯರು ಹೀಗೆ ಹೊರಬಂದಿದ್ದಾರೆ. ದಿನಕ್ಕೆ ಐದು ಮನೆಗಳ ಪಾತ್ರೆ ತಿಕ್ಕುವ ನಡುವೆ ಈ ಕೆಲಸ. ಇದನ್ನು ಯಾರು ಹೇಳಿಕೊಟ್ಟರೆಂದು ಕೇಳಿದರೆ ಅವರಿಗೆ ನಗು.

ಹತ್ತನೇ ವಯಸ್ಸಿಗೆ ಹೊಳೆಹೊನ್ನೂರಿನಿಂದ ತಂದು ಅವರನ್ನೂ ಒಂದು ಮನೆಯಲ್ಲಿ ಬಿಟ್ಟಿದ್ದರು. ಆರು ವರ್ಷ ಅಲ್ಲಿದ್ದರು. "ನನ್ ಲಂಗಾನೂ ಹಗ್ಗದ್ಮೇಲೆ ಇತ್ತು. ಬೀದೀಲಿ ಹೋಗೋರೆಲ್ಲ ನೋಡ್ತಿದ್ರು. ಯಾರೂ ಕೇಳ್ಲಿಲ್ಲ."

ಹಗ್ಗ ನೋಡತೊಡಗಿದ ಮೊದಲ ವರ್ಷ ಎಡವಿದ್ದೂ ಉಂಟು. ಬೇಸಿಗೆಯಲ್ಲಿ ಅಜ್ಜಿಯ ಮನೆಗೆ ಬಂದಿದ್ದ ಮೊಮ್ಮಗಳನ್ನು ಕಂಡು ಫೋನ್ ಮಾಡಿಬಿಟ್ಟರು. "ರಜ ಅನ್ನೋದೇ ತಲೇಲಿರ್ಲಿಲ್ಲ. ನಮಗೆಲ್ಲಿತ್ತು ರಜ?" ಮಾರನೇ ದಿನವೇ ಹೋಗಿ ತಪ್ಪಾಯ್ತೆಂದು ಕೈಮುಗಿದರು. ಆ ಅಜ್ಜಿ ಈಗ ಏಪ್ರಿಲ್ ಬಂದರೆ ತಾವೇ ಕೂಗುತ್ತಾರೆ: "ಇದು ನನ್ ಮೊಮ್ಮಗಳೇ ಮಾರಾಯ್ತಿ, ಯಾರನ್ನೂ ಕರೀಬೇಡ!"

ಈ ಜುಲೈನ ಸಂಗತಿ ಮಾತ್ರ ನಗುವಂಥದ್ದಲ್ಲ. ಅವರು ಆರು ವರ್ಷದಿಂದ ದುಡಿಯುತ್ತಿದ್ದ ಮನೆಗೇ ಹನ್ನೆರಡರ ಹುಡುಗಿಯೊಬ್ಬಳು ಬಂದಳು. ಸುಪ್ರಿಯಾ ಎಂದಿಟ್ಟುಕೊಳ್ಳೋಣ, ನಿಜವಾದ ಹೆಸರು ಇಲ್ಲಿ ಬೇಡ. ಸಂಬಂಧಿಕರ ಮಗು, ಓದಿಸಲು ಕರೆತಂದಿದ್ದೇವೆ ಎಂದರು ಮನೆಯೊಡತಿ. ವಿಶಾಲಮ್ಮನ ಬಾಯಿ ತಡೆಯಲಿಲ್ಲ: "ಓದೋ ಹುಡುಗಿ ಯೂನಿಫಾರ್ಮ್ ಒಂದಿನಾನೂ ಒಗೆಯೋಕೆ ಬಿದ್ದಿಲ್ವಲ್ಲಮ್ಮಾ?"

ನಾಳೆಯಿಂದ ಬರಬೇಡ ಎಂಬುದೇ ಉತ್ತರ.

"ಕೇಳ್ಬಾರ್ದಿತ್ತು. ಸಂಜೆಯೊಳ್ಗೆ ಮಗೂನ ಬೇರೆ ಕಡೆ ಸಾಗಿಸಿಬಿಟ್ರೆ? ಆಮೇಲೆ ಯಾವ ಊರಲ್ಲಿ ಹುಡುಕ್ಲಿ?" ಎಂದು ವಿಶಾಲಮ್ಮ ಇಂದಿಗೂ ತಮ್ಮನ್ನೇ ಬೈದುಕೊಳ್ಳುತ್ತಾರೆ. ಹೊರಬಂದವರೇ ಸಹಾಯವಾಣಿಗೆ ಫೋನ್ ಮಾಡಿದರು. ಆಮೇಲೆ ಬಸ್ಸಿನ ಗೆಳತಿ ಕಲ್ಲಮ್ಮನಿಗೆ. ಅರ್ಧ ಗಂಟೆಯೊಳಗೆ ಎಂಟೂ ಮಂದಿ ಕೆಲಸ ಬಿಟ್ಟು ಆ ಗೇಟಿನ ಮುಂದೆ ಕೂತಿದ್ದರು.

"ಗಲಾಟೆ ಗಿಲಾಟೆ ಏನಿಲ್ಲ," ಎನ್ನುತ್ತಾರೆ ಕಲ್ಲಮ್ಮ. "ಒಂದು ಚೀಲ ಬೆಳ್ಳುಳ್ಳಿ ತಗೊಂಡು ಸುಲೀತಾ ಕೂತ್ವಿ. ಕಾರು ಹೊರಗೆ ತೆಗೀಬೇಕಿತ್ತು ಅವರಿಗೆ. ತೆಗೀರಿ, ನಮ್ ಬೆಳ್ಳುಳ್ಳಿ ಮುಗೀಲಿ ಅಂದೆ."

ಮಧ್ಯಾಹ್ನದ ಹೊತ್ತಿಗೆ ಅಧಿಕಾರಿಗಳು ಬಂದರು. ಹುಡುಗಿ ಹೊರಬಂದಳು. ಕೆಲಸ ಬಿಟ್ಟು ಬಂದು ಕೂತಿದ್ದಕ್ಕೆ ಆ ಎಂಟರಲ್ಲಿ ಇಬ್ಬರು ಅಂದು ಕೆಲಸ ಕಳೆದುಕೊಂಡರು. ಇಬ್ಬರಿಗೂ ವಿಶಾಲಮ್ಮ ತಮ್ಮದೇ ಮನೆಗಳಲ್ಲಿ ಒಂದೊಂದನ್ನು ಬಿಟ್ಟುಕೊಟ್ಟರು. ಅವರಿಗೀಗ ಉಳಿದಿರುವುದು ಎರಡು. ಈ ಮಾತನ್ನು ಹೇಳಿದ್ದೂ ಕಲ್ಲಮ್ಮ, ಅವರಲ್ಲ.

ಸುಪ್ರಿಯಾ ಈಗ ಹಾಸ್ಟೆಲಿನಲ್ಲಿದ್ದು ಆರನೇ ತರಗತಿ ಓದುತ್ತಿದ್ದಾಳೆ. ವಿಶಾಲಮ್ಮ ತಿಂಗಳಿಗೊಮ್ಮೆ ಹೋಗಿ ಬರುತ್ತಾರೆ. ಚೆನ್ನಾಗಿ ಓದುತ್ತಾಳಂತೆ. ಆದರೆ ನಸುಕು ಹರಿಯುವ ಮೊದಲೇ ತಾನಾಗಿ ಎದ್ದು, ಯಾರೂ ಹೇಳದೆ, ಹಾಸ್ಟೆಲಿನ ಜಗಲಿ ಗುಡಿಸುತ್ತಾಳಂತೆ. ಪೊರಕೆ ಬಚ್ಚಿಟ್ಟರೆ ಕೈಯಲ್ಲೇ ಕಸ ಆರಿಸುತ್ತಾಳೆ.

ಮುಂದೇನು ಆಸೆ ಎಂದು ವಿಶಾಲಮ್ಮನನ್ನು ಕೇಳಿದೆ. ಸಂಘ, ಸನ್ಮಾನ ಎಂದೇನಾದರೂ ಹೇಳಬಹುದೆಂದುಕೊಂಡಿದ್ದೆ.

"ಅವ್ಳು ಒಂದಿನ ಬಿಸಿಲು ಬರೋವರ್ಗೂ ಮಲ್ಗಿ, ಏಳೇ ಅಂತ ವಾರ್ಡನ್ ಮೇಡಂ ಕೈಲಿ ಬೈಸ್ಕೋಬೇಕು. ಮೇಡಂ ನಂಗೆ ಫೋನ್ ಮಾಡಿ ದೂರು ಹೇಳ್ಬೇಕು. ಅಷ್ಟು ಕೇಳ್ಬಿಟ್ರೆ ಸಾಕು."